ರೋಗಕಾಲದ ವಾಯುಸೇವನೆ

ಸಂಜೆ ಐದು ಹೊಡೆಯಿತೆಂದರೆ ಕೈಗೋಲು ಹಿಡಿದು ವಾಯುಸೇವನೆಗೆ ಹೊರಡುವ ಮಹನೀಯರು ನಮ್ಮ ಪಟ್ಟಣಗಳಲ್ಲಿ ಯಾವ ಕಾಲಕ್ಕೂ ಉಂಟು. ಮಳೆ ಬಂದರೆ ಕೊಡೆ, ಚಳಿಯಾದರೆ ಮಫ್ಲರು. ನಡಿಗೆ ಮಾತ್ರ ತಪ್ಪದು. ಆದರೆ ಊರಿಗೆ ಊರೇ ಸಾಂಕ್ರಾಮಿಕದ ಬಾಯಿಗೆ ಸಿಕ್ಕಾಗ ಇವರೇನು ಮಾಡಬೇಕು? ಬಯಲಿಗೆ ಹೋಗುವುದು ಕ್ಷೇಮವೋ, ಬಾಗಿಲು ಹಾಕಿಕೊಂಡು ಒಳಗಿರುವುದು ಕ್ಷೇಮವೋ? ಪ್ರಶ್ನೆ ಹಳೆಯದು. ಚರಿತ್ರೆ ಅದಕ್ಕೆ ಒಂದೇ ಉತ್ತರವನ್ನು ಕೊಟ್ಟಿಲ್ಲವೆಂಬುದೇ ಸ್ವಾರಸ್ಯ.

ನಮ್ಮ ನಾಡಿಗೆ ಈ ವಿಷಯದಲ್ಲಿ ಮೊದಲ ಪಾಠ ಕಲಿಸಿದ್ದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಹೊಕ್ಕಿತು. ಅಲ್ಲಿಂದ ಮುಂದೆ ಹಲವು ವರ್ಷ ಮೈಸೂರು ಸೀಮೆಯ ಊರೂರುಗಳಲ್ಲಿ 'ಇಲಿ ಬಿತ್ತು' ಎಂಬ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಒಲೆಯ ಮೇಲಿನ ಅನ್ನವನ್ನು ಹಾಗೆಯೇ ಇಳಿಸಿ ಜನ ಗಂಟುಮೂಟೆ ಕಟ್ಟುತ್ತಿದ್ದರು. ಊರ ಹೊರಗಿನ ಹೊಲದಲ್ಲೋ ತೋಪಿನಲ್ಲೋ ತಡಿಕೆ ಕಟ್ಟಿ, ಸೋಗೆ ಹೊದಿಸಿ, ತಿಂಗಳುಗಟ್ಟಲೆ ಬಾಳುತ್ತಿದ್ದರು. ಸರ್ಕಾರವೂ ಇದನ್ನೇ ಹೇಳುತ್ತಿತ್ತು, ಕೆಲವೆಡೆ ಬಲವಂತವಾಗಿ ಹೇಳುತ್ತಿತ್ತು. ನಿಮ್ಮ ಮನೆಯ ಹಿರಿಯರು ಆ ಜೋಪಡಿಗಳ ಕತೆಯನ್ನು ಹೇಳಿದ್ದರೆ ನೆನಪು ಮಾಡಿಕೊಳ್ಳಿ. ದೊಡ್ಡವರಿಗೆ ಅದು ಸಾವಿನ ಕಾಲ. ಮಕ್ಕಳಿಗೆ ಶಾಲೆಯಿಲ್ಲದ, ಗೋಡೆಯಿಲ್ಲದ ಬಯಲು. ಒಂದೇ ಜೋಪಡಿಯಲ್ಲಿ ಎರಡೂ ಒಟ್ಟಿಗೆ ನಡೆದವು.

ಊರು ಬಿಟ್ಟವರು ಬದುಕಿದ್ದೇಕೆ? ಬಯಲಿನ ಗಾಳಿಯಿಂದ ಎಂದು ಬಹಳ ಜನ ನಂಬಿದ್ದರು. ನಿಜ ಸ್ವಲ್ಪ ಬೇರೆ. 1898ರಲ್ಲಿಯೇ ಕರಾಚಿಯಲ್ಲಿ ಪೌಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹೊತ್ತು ತರುವುದೆಂದು ಪ್ರಯೋಗದಿಂದ ತೋರಿಸಿದನು. ಆಗ ಅವನ ಮಾತಿಗೆ ತಲೆದೂಗಿದವರು ಕಡಮೆ. 1905ರಿಂದ ಮುಂಬಯಿಯಲ್ಲಿ ನಡೆದ ಪರಿಶೋಧನೆಗಳ ತರುವಾಯವಷ್ಟೆ ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಮಣ್ಣುಗೋಡೆಯ ಬಿಲಗಳಲ್ಲಿ ಇಲಿ, ಇಲಿಯ ಮೈಮೇಲೆ ಚಿಗಟ. ಮನುಷ್ಯ ಮನೆಯನ್ನು ಬಿಟ್ಟರೆ ಅವೆರಡನ್ನೂ ಬಿಟ್ಟಂತೆ. ಗಾಳಿಗೆ ಸಲ್ಲದ ಕೀರ್ತಿಯನ್ನು ಗಾಳಿಗೆ ಕೊಟ್ಟೆವು; ಆದರೂ ಮಾಡಿದ ಕೆಲಸ ಸರಿಯಾಗಿಯೇ ಇತ್ತು. ಆ ಭಯವೇ ಬೆಂಗಳೂರಿನಲ್ಲಿ ಅಗಲವಾದ ಬೀದಿಗಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳತ್ತ ಜನರನ್ನು ಕರೆದೊಯ್ದಿತು. ಇಂದು ಸಂಜೆ ಆ ಬೀದಿಗಳಲ್ಲಿ ತಿರುಗಾಡುವವರು ಇಲಿಗೂ ಒಂದಿಷ್ಟು ಋಣಿಗಳು!

ಒಂದು ಮಾತನ್ನು ಮಾತ್ರ ಮರೆಯಬಾರದು. ಊರ ಹೊರಗಿನ ತೋಪಿಗೆ ಹೋದವರಿಗೆ ಬಯಲು ಒಳ್ಳೆಯದನ್ನು ಮಾಡಿತು. ರೈಲು ಹತ್ತಿ ದೂರದ ನೆಂಟರ ಮನೆಗೆ ಓಡಿದವರು ಬಟ್ಟೆಗಂಟಿನೊಡನೆ ಚಿಗಟವನ್ನೂ ಕೊಂಡೊಯ್ದು, ಅನ್ನವಿಟ್ಟ ಮನೆಗೇ ರೋಗ ಹಂಚಿದ್ದುಂಟು.

ಇನ್ನು 1918ರ ಇನ್‌ಫ್ಲುಯೆಂಜಾ. ಇದಕ್ಕೆ ಇಲಿ ಬೇಡ, ಚಿಗಟ ಬೇಡ. ಮನುಷ್ಯನ ಉಸಿರೇ ಸಾಕು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಮೀರಿದರು. ಗಾಳಿಯ ಗುಣ ನಿಜವಾಗಿ ಪರೀಕ್ಷೆಗೆ ಬಂದದ್ದು ಆಗ. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ಎರಡು ಊರುಗಳಲ್ಲಿ ನಡೆದದ್ದನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ.

ಬಾಸ್ಟನ್ ನಗರದ ಬಳಿ ಕೋರಿ ಹಿಲ್ ಎಂಬ ಗುಡ್ಡವಿದೆ. ಕಾಯಿಲೆ ಬಿದ್ದ ನಾವಿಕರಿಗೆ ಆಸ್ಪತ್ರೆಗಳಲ್ಲಿ ಜಾಗ ಸಾಲದೆ ಹೋದಾಗ ಆ ಗುಡ್ಡದ ಮೇಲೆ ಡೇರೆಗಳನ್ನು ಹಾಕಿದರು. ಹಗಲೆಲ್ಲ ರೋಗಿಗಳ ಮಂಚವನ್ನು ಹೊರಗೆ ತಂದು ಬಿಸಿಲಿನಲ್ಲಿಡುವುದು, ಚಳಿಯಾಗದಂತೆ ಕಂಬಳಿ ಹೊದಿಸುವುದು, ಹೊಟ್ಟೆಗೆ ಬಿಸಿಯಾಗಿ ಕೊಡುವುದು: ಇದೇ ಮುಖ್ಯ ಚಿಕಿತ್ಸೆ. ಶುಶ್ರೂಷೆ ಮಾಡುವವರು ತಂತಿಯ ಚೌಕಟ್ಟಿಗೆ ಹಲವು ಪದರ ತೆಳುಬಟ್ಟೆ ಸುತ್ತಿ ಮುಖಕ್ಕೆ ಕಟ್ಟಿಕೊಂಡರು. ಅಲ್ಲಿಗೆ ಬಂದ 351 ಮಂದಿಯಲ್ಲಿ ತೀರಿಕೊಂಡವರು 36. ಒಳಕೋಣೆಗಳಲ್ಲಿ ಕಿಕ್ಕಿರಿದ ರೋಗಿಗಳು ಸಾಯುತ್ತಿದ್ದುದಕ್ಕೆ ಹೋಲಿಸಿದರೆ ಇದು ಬಹಳ ಕಡಮೆಯೆಂದು ಆಗಿನ ವೈದ್ಯರು ಕಂಡುಕೊಂಡರು. ಬಿಸಿಲು ಎಷ್ಟು ಮಾಡಿತು, ಗಾಳಿ ಎಷ್ಟು ಮಾಡಿತು, ಒಳ್ಳೆಯ ಆರೈಕೆ ಎಷ್ಟು ಮಾಡಿತು ಎಂದು ತೂಗಿ ಬೇರ್ಪಡಿಸುವುದು ಕಷ್ಟ. ಆರೈಕೆಯ ಪಾಲು ಚಿಕ್ಕದಾಗಿರಲಾರದೆಂದು ನನ್ನ ಎಣಿಕೆ.

ಇನ್ನೊಂದು ಊರು ಫಿಲಡೆಲ್ಫಿಯಾ. ಸೆಪ್ಟೆಂಬರ್ 28ರಂದು ಅಲ್ಲಿ ಯುದ್ಧಸಾಲಕ್ಕಾಗಿ ಒಂದು ಭಾರಿ ಮೆರವಣಿಗೆ. ಊರಿನಲ್ಲಿ ಜ್ವರವಿದೆ, ಇದನ್ನು ನಿಲ್ಲಿಸಿರೆಂದು ಕೆಲವು ವೈದ್ಯರು ಮೊರೆಯಿಟ್ಟರು. ಆರೋಗ್ಯಾಧಿಕಾರಿ ವಿಲ್ಮರ್ ಕ್ರೂಸನ್ ನಿಲ್ಲಿಸಲಿಲ್ಲ. ಸುಮಾರು 2 ಲಕ್ಷ ಜನ ಬೀದಿಯ ಇಕ್ಕೆಲದಲ್ಲಿ ಭುಜಕ್ಕೆ ಭುಜ ಒತ್ತಿ ನಿಂತು ಕೂಗಿದರು, ಹಾಡಿದರು. ಮೂರು ದಿನ ಕಳೆಯುವಷ್ಟರಲ್ಲಿ ಆಸ್ಪತ್ರೆಗಳು ತುಂಬಿ ತುಳುಕಿದವು. ಶಾಲೆ, ಚರ್ಚು, ನಾಟಕಶಾಲೆಗಳನ್ನು ಮುಚ್ಚಿದ್ದು ಅಕ್ಟೋಬರ್ 3ರಂದು, ಕೈ ಮೀರಿದ ಮೇಲೆ. ಮುಂದಿನ ಕೆಲವೇ ವಾರಗಳಲ್ಲಿ ಆ ಒಂದೇ ನಗರದಲ್ಲಿ 12,000ಕ್ಕೂ ಹೆಚ್ಚು ಜನ ಮಡಿದರು.

ಮೆರವಣಿಗೆ ನಡೆದದ್ದೂ ಬಯಲಿನಲ್ಲಿಯೇ, ಗಮನಿಸಿ. ಆಕಾಶವೇ ಚಪ್ಪರವಾಗಿತ್ತು. ಆದರೆ ಪಕ್ಕದವನ ಉಸಿರು ಗಾಳಿಯಲ್ಲಿ ಕರಗಿ ತೆಳುವಾಗಲು ಒಂದಿಷ್ಟು ಅಂತರ ಬೇಕು. ಆ ಅಂತರವಿಲ್ಲದ ಕಡೆ ಬಯಲೂ ಒಂದು ಕೋಣೆಯೇ.

ನೂರು ವರ್ಷ ಕಳೆದು ಕೋವಿಡ್ ಬಂದಾಗ ಈ ಲೆಕ್ಕವನ್ನು ನಾವು ಮೊದಲಿನಿಂದ ಮಾಡಬೇಕಾಯಿತು. 2020ರ ಮಾರ್ಚಿಯಲ್ಲಿ ಕಬ್ಬನ್ ಪಾರ್ಕು, ಲಾಲ್‌ಬಾಗು ಎಲ್ಲಕ್ಕೂ ಬೀಗ. ಮೇ ತಿಂಗಳಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಂದು ಉದ್ಯಾನಗಳ ಬಾಗಿಲು ತೆರೆಯಿತು. ಮನೆಯೊಳಗೆ ಹಬ್ಬಿದಷ್ಟು ಸುಲಭವಾಗಿ ಈ ರೋಗ ಬಯಲಿನಲ್ಲಿ ಹಬ್ಬದೆಂದು ಮುಂದೆ ಚೆನ್ನಾಗಿಯೇ ತಿಳಿದುಬಂತು. ಹಾಗೆ ನೋಡಿದರೆ, ಇಡೀ ದಿನ ತೆರೆದಿದ್ದರೆ ಚೆದುರಿ ಬರುತ್ತಿದ್ದ ಜನ ಆ ಎರಡು ಗಂಟೆಗೇ ಬಂದು ಸೇರುವಂತಾಗಲಿಲ್ಲವೇ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನ್ಯೂಯಾರ್ಕಿನ ಡಾಮಿನೋ ಪಾರ್ಕಿನಲ್ಲಿ ಅದೇ ಮೇ ತಿಂಗಳಲ್ಲಿ ಬೇರೊಂದು ಉಪಾಯ ಹೂಡಿದರು: ಹುಲ್ಲಿನ ಮೇಲೆ ಬಿಳಿಯ ವೃತ್ತಗಳನ್ನು ಬರೆದು, ಒಂದೊಂದು ಮನೆಯವರು ಒಂದೊಂದು ವೃತ್ತದೊಳಗೆ ಕುಳಿತುಕೊಳ್ಳಿ ಎಂದರು. ರಂಗೋಲಿ ಬಲ್ಲ ನಮಗೆ ಇದು ಹೊಳೆಯಬಾರದಿತ್ತೇ!

ಎರಡನೆಯ ಅಲೆ ಇಳಿದ ಮೇಲೆ, 2021ರ ಜುಲೈಯಲ್ಲಿ, ನಂದಿಬೆಟ್ಟದ ಸರದಿ. ತಿಂಗಳುಗಟ್ಟಲೆ ಒಳಗಿದ್ದ ಬೆಂಗಳೂರಿನವರು ಶನಿವಾರ, ಭಾನುವಾರ ಸೂರ್ಯೋದಯಕ್ಕೆಂದು ಸಾವಿರಗಟ್ಟಲೆ ನುಗ್ಗಿದರು. ಬೆಟ್ಟದ ದಾರಿಯಲ್ಲಿ ಮೈಲುಗಟ್ಟಲೆ ವಾಹನಗಳ ಸಾಲು. ಬೆಟ್ಟದ ತುದಿಯ ಗಾಳಿ ಯಾರಿಗೂ ಕೇಡು ಮಾಡುವಂಥದಲ್ಲ. ಗಾಜು ಏರಿಸಿದ ಕಾರಿನಲ್ಲಿ ಬೇರೆ ಬೇರೆ ಮನೆಯ ಐವರು ಕೂತು ಎರಡು ಗಂಟೆ ಹರಟುತ್ತ ಬರುವುದು, ಟಿಕೆಟ್ಟಿಗೆ ಒತ್ತಾಗಿ ನಿಲ್ಲುವುದು, ಕಾಫಿಯಂಗಡಿಯ ಮಾಡಿನಡಿ ಮುತ್ತುವುದು: ಅಪಾಯವೆಲ್ಲ ಅಲ್ಲಿ. ಜಿಲ್ಲಾಡಳಿತವು ವಾರದ ಕೊನೆಯಲ್ಲಿ, ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ, ಪ್ರವಾಸಿಗಳಿಗೆ ದಾರಿ ಮುಚ್ಚಿತು. ಮಂಗಳವಾರವೋ ಬುಧವಾರವೋ ಬಿಡುವು ಮಾಡಿಕೊಂಡು ಹೋದವರಿಗೆ ಬೆಟ್ಟ ತೆರೆದೇ ಇತ್ತು, ಮಂಜೂ ಇತ್ತು.