ಮಸುಕಿನ ಮೂಲ ಕುಂಚದಲ್ಲಿದೆ

ಮೊಬೈಲಿನ ಪೋರ್ಟ್ರೇಟ್ ಮೋಡ್ ಮುಖವನ್ನು ನಿಚ್ಚಳವಾಗಿಟ್ಟು ಹಿಂದಿನದನ್ನೆಲ್ಲ ಮಸುಕಾಗಿಸಿದಾಗ, ಅದನ್ನು ದುಬಾರಿ ಲೆನ್ಸಿನ ನಕಲೆಂದು ಕರೆಯುವುದು ವಾಡಿಕೆ. ನೋಟದ ಮಟ್ಟಿಗೆ ಆ ಮಾತು ಸರಿ, ವಂಶಾವಳಿಯ ಮಟ್ಟಿಗೆ ಅಲ್ಲ. ಲೆನ್ಸಿನ ಮಸುಕು ಬರೀ ದೂರದ ಲೆಕ್ಕ. ಫೋಕಸ್ ನಿಂತ ಜಾಗದಿಂದ ಹಿಂದೆ ಮುಂದೆ ಸರಿದ ಪ್ರತಿಯೊಂದು ಬಿಂದುವೂ ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. ಅದು ಕಿವಿಯೋ ಮರವೋ ಎಂದು ಗಾಜು ವಿಚಾರಿಸುವುದಿಲ್ಲ. ಸಾಫ್ಟ್‌ವೇರ್ ಮೊದಲು ವಿಚಾರಿಸುವುದೇ ಚಿತ್ರದಲ್ಲಿ ಮುಖ್ಯರಾದವರು ಯಾರು ಎಂಬುದನ್ನು. ಈ ವಿಚಾರಣೆ ಸ್ಟುಡಿಯೋದ ಪರದೆಗೂ ರೀಟಚ್ ಮಾಡುವವರ ಕುಂಚಕ್ಕೂ ಸೇರಿದ ಹಳೆಯ ಪದ್ಧತಿ.

1840ರಲ್ಲಿ ವಿಯೆನ್ನಾದ ಜೋಸೆಫ್ ಪೆಟ್ಜ್‌ವಾಲ್ ರೂಪಿಸಿದ ಭಾವಚಿತ್ರದ ಲೆನ್ಸ್ ಆ ಕಾಲಕ್ಕೆ ಬಹಳ ದೊಡ್ಡದಾದ, ಸುಮಾರು ಎಫ್/3.6ರ ತೆರಪು ಹೊಂದಿತ್ತು. ಅದರ ಗುರಿ ಕುಳಿತವರು ಅಲುಗಾಡದೆ ಇರಬೇಕಾದ ಸಮಯವನ್ನು ತಗ್ಗಿಸುವುದು. ಅಂಚುಗಳ ಮಸುಕು ಅದರ ಜೊತೆಗೆ ಬಂದದ್ದು. ಹಿನ್ನೆಲೆಯನ್ನು ಮರೆಮಾಡಲು ಸ್ಟುಡಿಯೋಗಳು ಲೆನ್ಸನ್ನು ನೆಚ್ಚಿಕೊಳ್ಳಲಿಲ್ಲ, ಬಣ್ಣದ ಪರದೆ ಇಳಿಬಿಟ್ಟವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಭಾರತದಲ್ಲಿ ಚಿತ್ರಕಾರರು ಫೋಟೊದ ಮೇಲೆಯೇ ದಟ್ಟ ಬಣ್ಣ ಹಚ್ಚಿ, ಮುಖವನ್ನಷ್ಟೇ ಉಳಿಸಿಕೊಂಡು, ಹಿಂದೆ ಕಂಬ, ರತ್ನಗಂಬಳಿ, ಪರದೆಗಳನ್ನು ಬರೆದರು. ಸರಕಿನ ಕ್ಯಾಟಲಾಗುಗಳಿಗಾಗಿ ನೆಗೆಟಿವ್‌ನ ಹಿನ್ನೆಲೆಗೆ ಬೆಳಕು ದಾಟದ ಬಣ್ಣ ಬಳಿಯುವುದೂ ಕಸುಬಾಯಿತು. ಇವೆಲ್ಲದರಲ್ಲೂ ದೂರಕ್ಕೆ ಬೆಲೆಯಿಲ್ಲ. ಅಂಚು ಗುರುತಿಸಿದರೆ ಕೆಲಸ ಮುಗಿಯಿತು.

ಥಾಮಸ್ ಮತ್ತು ಜಾನ್ ನೋಲ್ ಸೋದರರ ಫೋಟೊಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು, 1994ರಲ್ಲಿ ಅದಕ್ಕೆ ಲೇಯರ್‌ಗಳು ಸೇರಿದವು. ವ್ಯಕ್ತಿಯ ಸುತ್ತ ಗೆರೆ ಎಳೆದು, ಬೇರೊಂದು ಲೇಯರಿಗೆ ಎತ್ತಿ, ಕೆಳಗಿನದಕ್ಕೆ ಗಾಸಿಯನ್ ಬ್ಲರ್ ಹಾಕುವುದು ಎಲ್ಲರೂ ಕಲಿತ ಪಾಠ. ಆ ಬ್ಲರ್ ಪ್ರತಿ ಪಿಕ್ಸೆಲನ್ನು ನೆರೆಯವುಗಳೊಡನೆ ಬೆರೆಸುತ್ತದೆ, ಅಷ್ಟೆ. ಕಾಲ ಬುಡದ ಹುಲ್ಲಿಗೂ ದೂರದ ಬೆಟ್ಟಕ್ಕೂ ಒಂದೇ ಪ್ರಮಾಣ; ಅಂಗಿಯ ಬಣ್ಣ ಹಿನ್ನೆಲೆಗೆ ಸೋರಿ ಪ್ರಭಾವಳಿ ಕಟ್ಟುತ್ತದೆ. ಈ ಕೊರತೆ ನೀಗಲು 2003ರ ಫೋಟೊಶಾಪ್ ಸಿಎಸ್‌ನಲ್ಲಿ ಲೆನ್ಸ್ ಬ್ಲರ್ ಬಂತು. ಎಲ್ಲಿ ಎಷ್ಟು ಮಸುಕು ಎಂಬುದನ್ನು ಅದು ಕಪ್ಪು ಬಿಳುಪಿನ ನಕ್ಷೆಯಿಂದ ಓದುತ್ತಿತ್ತು. ಆದರೆ ಸಾಮಾನ್ಯ ಫೋಟೊಗೆ ಆ ನಕ್ಷೆಯನ್ನು ಬಳಸುವವರೇ ಕೈಯಾರೆ ಬಳಿಯಬೇಕಿತ್ತು. ಲೆನ್ಸಿನ ಹೆಸರು ಹೊತ್ತ ಸಾಧನವೂ ಕುಂಚವನ್ನು ಬಿಡಲಿಲ್ಲ.

ಈಗ ಫೋನೇ ದೂರವನ್ನು ಅಳೆಯುತ್ತದಲ್ಲ ಎಂದು ಕೇಳಬಹುದು. 2014ರ ಎಚ್‌ಟಿಸಿ ಒನ್ ಎಂ8, 2016ರ ಐಫೋನ್ 7 ಪ್ಲಸ್ ಎರಡು ಕ್ಯಾಮೆರಾಗಳ ನೋಟದ ವ್ಯತ್ಯಾಸದಿಂದ ಆಳವನ್ನು ಲೆಕ್ಕ ಹಾಕಿದ್ದು ನಿಜ. ಅಷ್ಟರಮಟ್ಟಿಗೆ ಈ ಆಕ್ಷೇಪ ಒಪ್ಪತಕ್ಕದ್ದೇ. ಆದರೆ 2017ರ ಗೂಗಲ್ ಪಿಕ್ಸೆಲ್ 2ರ ಸೆಲ್ಫಿ ಕ್ಯಾಮೆರಾ ಆಳವನ್ನೇ ಅಳೆಯಲಿಲ್ಲ. ಯಾವ ಪಿಕ್ಸೆಲ್‌ಗಳು ಮನುಷ್ಯನವು ಎಂದು ನರಜಾಲ ತಂತ್ರದಿಂದ ಬೇರ್ಪಡಿಸಿ ಉಳಿದದ್ದನ್ನು ಮಸುಕುಗೊಳಿಸಿತು, ಜನ ಅದನ್ನೂ ಪೋರ್ಟ್ರೇಟ್ ಎಂದೇ ಸ್ವೀಕರಿಸಿದರು. ಇಂಥ ಚಿತ್ರಗಳು ಎಡವುವುದೂ ಹೆಚ್ಚಾಗಿ ಕೂದಲಿನ ಎಳೆ, ಕನ್ನಡಕದ ಚೌಕಟ್ಟುಗಳಲ್ಲಿ, ಅಂದರೆ ಕುಂಚ ಎಡವುತ್ತಿದ್ದ ಅದೇ ಅಂಚುಗಳಲ್ಲಿ.

ಲೆನ್ಸಿನ ಮಸುಕು ಪ್ರಾಮಾಣಿಕ, ಸಾಫ್ಟ್‌ವೇರಿನದು ಸುಳ್ಳು ಎಂಬ ವಾದವೂ ಇದೆ. ಲೆನ್ಸಿನ ಕಾಲದಲ್ಲೇ ಈ ಪ್ರಾಮಾಣಿಕತೆ ತಕರಾರಿಗೆ ಒಳಗಾಗಿತ್ತು. ಮುಖ್ಯವಾದದ್ದನ್ನು ಬಿಟ್ಟು ಉಳಿದದ್ದು ಮೃದುವಾಗಿದ್ದರೆ ಅದೇ ಕಣ್ಣಿನ ಸಹಜ ನೋಟ ಎಂದು ಛಾಯಾಗ್ರಾಹಕ ಪೀಟರ್ ಹೆನ್ರಿ ಎಮರ್ಸನ್ 1889ರಲ್ಲಿ ವಾದಿಸಿದ. 1932ರಲ್ಲಿ ಕ್ಯಾಲಿಫೋರ್ನಿಯಾದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮತ್ತು ಸಂಗಡಿಗರು ಕಿರಿದಾದ ಎಫ್/64 ತೆರಪಿನ ಹೆಸರನ್ನೇ ಗುಂಪಿಗಿಟ್ಟುಕೊಂಡು ಪೂರ್ಣ ಸ್ಪಷ್ಟತೆಯ ಪರ ನಿಂತರು. ನಿಜವಾದ ವ್ಯತ್ಯಾಸ ಬೇರೆಡೆ ಇದೆ. ಬಣ್ಣದ ಪರದೆ ತಾನು ಪರದೆಯೆಂದು ಸಾರುತ್ತಿತ್ತು. ಇಂದಿನ ಮಸುಕು ಕೃತಕವಾಗಿದ್ದೂ ಸ್ಥಳವನ್ನು ಹಾಗೆಯೇ ತೋರಿಸಿದಂತೆ ನಟಿಸುತ್ತದೆ. ಬೀದಿಯ ಫಲಕ, ವಾಹನ, ಅಕ್ಕಪಕ್ಕದವರ ಉಡುಗೆ ಹೀಗೆ ನಾಳೆಯ ಇತಿಹಾಸಕಾರರಿಗೆ ಬೇಕಾದ ಪುರಾವೆ ಅದರಲ್ಲಿ ಕರಗುತ್ತದೆ. ಹಾಗಾಗಿ ಇಂಥ ಫೋಟೊ ಮುಂದಿಟ್ಟುಕೊಂಡಾಗ ಮಸುಕು ಎಷ್ಟು ಸಹಜವೆಂದು ಮೆಚ್ಚುವುದಕ್ಕಿಂತ, ಯಾರು ಮುಖ್ಯರೆಂದು ತೀರ್ಮಾನಿಸಿದವರು ಯಾರು, ತೆಗೆದವರೋ ಯಂತ್ರವೋ ಎಂದು ಕೇಳುವುದು ಹೆಚ್ಚು ಉಪಯುಕ್ತ.