ಸಂಗಿಲಿಯ ಮಾಲೆಯಲ್ಲಿ ಇಲ್ಲದ ಹೂ

ಚೆನ್ನೈನ ಉತ್ತರಕ್ಕೆ, ಕಡಲ ಅಂಚಿನಲ್ಲಿರುವ ತಿರುವೊಟ್ಟಿಯೂರಿನ ತ್ಯಾಗರಾಜಸ್ವಾಮಿ ದೇವಾಲಯಕ್ಕೆ ಅಂಟಿಕೊಂಡ ಕಥೆಯೊಂದು ಹೂ ಕಟ್ಟುವ ಹುಡುಗಿಯದು. ದೇವರಿಗೆ ಮಾಲೆ ಕಟ್ಟುತ್ತಿದ್ದ ಸಂಗಿಲಿಯನ್ನು ಶಿವಭಕ್ತ ಸುಂದರರು ಮೆಚ್ಚಿ ಮದುವೆಯಾದರು. ಊರು ಬಿಟ್ಟು ಹೋಗುವುದಿಲ್ಲವೆಂದು ಬಕುಳದ ಮರದಡಿ ಕೊಟ್ಟ ಮಾತನ್ನು ಮುರಿದು ಕಣ್ಣು ಕಳೆದುಕೊಂಡರು. 12ನೇ ಶತಮಾನದಲ್ಲಿ ಸೇಕ್ಕಿಳಾರರು ಇದನ್ನು ತಮಿಳಿನ ‘ಪೆರಿಯ ಪುರಾಣ’ದಲ್ಲಿ ಹೇಳಿದರು. ಕನ್ನಡಿಗರಿಗೆ ಈ ಸುಂದರರು ನಂಬಿಯಣ್ಣ. ಹರಿಹರನ ರಗಳೆಯ ನಾಯಕ. ಹೂ ಕೊಯ್ದು ಶಿವನಿಗೆ ಮಾಲೆ ಕಟ್ಟುವ ಸಂಭ್ರಮಕ್ಕೆಂದೇ ಹರಿಹರ ‘ಪುಷ್ಪರಗಳೆ’ಯನ್ನೂ ಬರೆದ.

ಇಂದು ದೇವರ ಮಾಲೆಗಳಲ್ಲಿ, ಮದುವೆಯ ಹಾರಗಳಲ್ಲಿ ಎದ್ದು ಕಾಣುವ ಸುಗಂಧರಾಜ ಮಾತ್ರ ಸಂಗಿಲಿಯ ಕೈಗೂ ಹರಿಹರನ ಕಣ್ಣಿಗೂ ಬಿದ್ದಿರಲು ಸಾಧ್ಯವಿಲ್ಲ. ಅದರ ತವರು ಮೆಕ್ಸಿಕೋ. ಅಲ್ಲಿನ ನಹುವಾ ಜನ ಅದನ್ನು ‘ಎಲುಬಿನ ಹೂ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. 16ನೇ ಶತಮಾನದಲ್ಲಿ ಯುರೋಪಿಗೆ ಹೋದ ಗಡ್ಡೆ, ಆಮೇಲೆ ಹಡಗು ಹತ್ತಿ ನಮ್ಮ ಕಡೆಗೂ ಬಂತು.

ಬಂದ ಹೂವಿಗೆ ಇಲ್ಲಿನವರು ಇಲ್ಲಿನದೇ ಹೆಸರು ಕೊಟ್ಟರು. ಕನ್ನಡದಲ್ಲಿ ಸುಗಂಧರಾಜ, ಬಂಗಾಳದಲ್ಲಿ ರಜನೀಗಂಧ. ತಮಿಳರು ಸಂಪಿಗೆಯ ಹೆಸರನ್ನೇ ಎರವಲು ಕೊಟ್ಟು ‘ಸಂಪಂಗಿ’ ಎಂದರು. ಪುರಾಣದಷ್ಟು ಹಳೆಯದೆಂದು ತೋರುವ ಈ ಹೆಸರುಗಳಲ್ಲಿ ಹೂವಿನ ಪ್ರಯಾಣ ಮರೆಯಾಯಿತು.

ಅದು ಇಲ್ಲಿ ನೆಲೆಯೂರಿದ್ದಕ್ಕೆ ಕಾರಣ ಗಡ್ಡೆಯ ಗುಣ. ಟ್ಯೂಲಿಪ್ ಗಡ್ಡೆಗೆ ಹೂ ಬಿಡಲು ವಾರಗಟ್ಟಲೆ ಚಳಿ ಬೇಕು. ಕಾಶ್ಮೀರದಲ್ಲಿ ನಲಿಯುವ ಅದು ಚೆನ್ನೈಯಲ್ಲಿ ಸೊರಗುತ್ತದೆ. ಸುಗಂಧರಾಜಕ್ಕೆ ಚಳಿಯ ಹಂಗಿಲ್ಲ, ಬಿಸಿಲೇ ಬೇಕು. ನೀರು ಬಸಿದುಹೋಗುವ ಮಣ್ಣಿದ್ದರೆ ಸಾಕು, ನಿಂತ ನೀರಿನಲ್ಲಿ ಮಾತ್ರ ಗಡ್ಡೆ ಕೊಳೆಯುತ್ತದೆ. ಹೀಗಾಗಿ ಕರಾವಳಿಯ ಹಿತ್ತಿಲಲ್ಲಿ ಅದಕ್ಕೆ ಬೇಸಿಗೆಯ ಭಯವಿಲ್ಲ, ಭಯವೇನಿದ್ದರೂ ಹಿಂಗಾರಿನದು. ಏರುಮಡಿಯಲ್ಲಿ ನೆಟ್ಟರೆ ಅದನ್ನೂ ದಾಟುತ್ತದೆ. ಒಂದು ಗಡ್ಡೆ ಹೂ ಬಿಡುವುದು ಒಂದೇ ಸಲ. ಅಷ್ಟರಲ್ಲಿ ಸುತ್ತ ಮರಿಗಡ್ಡೆಗಳು ಎದ್ದಿರುತ್ತವೆ. ಅವನ್ನು ಬಿಡಿಸಿ ನೆಟ್ಟರೆ ವಂಶ ಮುಂದುವರಿಯುತ್ತದೆ.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಎಂಬ ಹೊಸ ತಳಿಗಳನ್ನು ಕೊಟ್ಟಿದೆ. ಬೇರುಗಂಟು ಜಂತುಹುಳುವನ್ನು ತಾಳಿಕೊಳ್ಳುವ ಶೃಂಗಾರ್, ಒಂದು ಸುತ್ತಿನ ಎಸಳಿನ ಹಳೆಯ ಬಗೆಯನ್ನೂ ಹಲವು ಸುತ್ತಿನ ಬಗೆಯನ್ನೂ ಕೂಡಿಸಿ ಪಡೆದದ್ದು; ಪ್ರಜ್ವಲ್ ತಳಿಯ ಹೆತ್ತವರಲ್ಲಿ ಒಂದು ‘ಮೆಕ್ಸಿಕನ್ ಸಿಂಗಲ್’. ಹಳೆಯ ಗಡ್ಡೆ ಉಳಿಯದಿದ್ದರೆ ಹೊಸ ತಳಿಯೂ ಹುಟ್ಟುತ್ತಿರಲಿಲ್ಲ.

ಈ ಗಿಡ ಈಗ ತವರಿನ ಕಾಡಿನಲ್ಲೂ ಸಿಗುವುದಿಲ್ಲ. ಉಳಿದಿರುವುದು ಮನುಷ್ಯರು ನೆಟ್ಟಲ್ಲಿ ಮಾತ್ರ. ಬೀಜದಿಂದ ಬೆಳೆಸುವವರು ವಿರಳ, ಹೆಚ್ಚಿನವರು ನೆಡುವುದು ಗಡ್ಡೆಯನ್ನೇ. ಆದ್ದರಿಂದ ಪಕ್ಕದ ಮನೆಯವರು ಕೊಟ್ಟ ಹಳೆಯ ಬಗೆಯ ಗಡ್ಡೆ ಯಾರೋ ಹಿಂದೆ ನೆಟ್ಟ ಗಿಡದ್ದೇ ತುಣುಕು. ಹಿತ್ತಿಲುಗಳು ಕಿರಿದಾಗುತ್ತಿರುವ ಊರುಗಳಲ್ಲಿ ಒಂದು ಕುಂಡದಷ್ಟು ಜಾಗ ಸಿಕ್ಕರೂ ಆ ಸಾಲು ಕಡಿಯುವುದಿಲ್ಲ.