ಚಿಲ್ಲರೆ ಕಾಸಿನಲ್ಲಿ ಎದ್ದ ಕಲೆಯ ಮನೆ

ಕಲೆ ಎಲ್ಲರ ಸ್ವತ್ತು ಅಂತಾರೆ. ಆದರೆ ಕಲೆಯ ಮನೆ ಯಾರ ಸ್ವತ್ತು? ಅದರ ಬೀಗದ ಕೈ ಯಾರ ಸೊಂಟದಲ್ಲಿದೆ? ಅಮೆರಿಕದ ಚಿಕಾಗೋ ನಗರದ ಸೌತ್ ಸೈಡ್ ಕಮ್ಯುನಿಟಿ ಆರ್ಟ್ ಸೆಂಟರ್‌ನ ಚರಿತ್ರೆಯನ್ನು ನಾವು ಓದಬೇಕಾದದ್ದು ಈ ಪ್ರಶ್ನೆಗಾಗಿ.

ದಕ್ಷಿಣದ ಹತ್ತಿಹೊಲಗಳಲ್ಲಿ ಬೆನ್ನು ಮುರಿದುಕೊಂಡು, ಗುಂಪುಕೊಲೆಗಳ ಭಯದಲ್ಲಿ ಬದುಕುತ್ತಿದ್ದ ಕಪ್ಪು ಜನ ಮೊದಲ ಮಹಾಯುದ್ಧದ ಕಾಲದಿಂದ ರೈಲು ಹತ್ತಿ ಚಿಕಾಗೋಗೆ ಬಂದರು. ಕಸಾಯಿಖಾನೆಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದರು. ಅವರ ದುಡಿಮೆ ಬೇಕಿತ್ತು, ಅವರು ಪಕ್ಕದ ಮನೆಗೆ ಬೇಡವಾಗಿತ್ತು. ಕರಿಯರಿಗೆ ಮನೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂದು ಬಿಳಿಯರು ಕರಾರುಪತ್ರ ಬರೆದುಕೊಂಡರು. ಇಂಥ ಕರಾರನ್ನು ಕೋರ್ಟುಗಳು ಜಾರಿ ಮಾಡಕೂಡದೆಂದು ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ! ಹೀಗೆ ನಗರದೊಳಗೇ ಬೆಳೆದ ಕೇರಿಯ ಹೆಸರು ಬ್ರಾನ್ಜ್‌ವಿಲ್. ಅಲ್ಲಿ ಹಾಡಿತ್ತು, ಕವಿತೆಯಿತ್ತು, ಚಿತ್ರವಿತ್ತು. ಚಿತ್ರ ತೂಗುಹಾಕೋಕೆ ಗೋಡೆ ಇರಲಿಲ್ಲ.

ಆರ್ಥಿಕ ಕುಸಿತದ ನಡುವೆ, 1935ರಲ್ಲಿ, ರೂಸ್ವೆಲ್ಟ್ ಸರ್ಕಾರ ನಿರುದ್ಯೋಗಿ ಕಲಾವಿದರಿಗೆ ಕೂಲಿ ಕೊಡುವ ಫೆಡರಲ್ ಆರ್ಟ್ ಪ್ರಾಜೆಕ್ಟ್ ಶುರುಮಾಡಿತು. ದೇಶದಲ್ಲಿ ನೂರಕ್ಕೂ ಹೆಚ್ಚು ಕಲಾಕೇಂದ್ರಗಳು ತೆರೆದವು. ಬ್ರಾನ್ಜ್‌ವಿಲ್‌ನಲ್ಲಿ ಕಲಿಸುವವರ ಸಂಬಳ ಸರ್ಕಾರದ್ದು, ಕಟ್ಟಡ ಜನರೇ ಹೊಂದಿಸಬೇಕು. ಇಪ್ಪತ್ತರ ಹರೆಯದ ಮಾರ್ಗರೆಟ್ ಬರೋಸ್ ಬೀದಿ ಮೂಲೆಯಲ್ಲಿ ನಿಂತು ಹತ್ತು ಸೆಂಟಿನ ನಾಣ್ಯ ಕೂಡಿಸಿದರು. 'ಒಂದು ಮೈಲಿ ನಾಣ್ಯ' ಎಂಬುದೇ ಆ ಚಳವಳಿಯ ಹೆಸರು. ಉಳ್ಳ ಕರಿಯರು ನೃತ್ಯಕೂಟ ನಡೆಸಿ ಹಣ ತಂದರು. ಎರಡೂ ಸೇರಿ ಮಿಷಿಗನ್ ಅವೆನ್ಯೂದಲ್ಲಿ ಹಿಂದೆ ಬಿಳಿ ಸಿರಿವಂತರಿದ್ದ ಬಂಗಲೆಯೊಂದು ಕೇರಿಯದಾಯಿತು. 1940ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. 1941ರ ಮೇ ತಿಂಗಳಲ್ಲಿ ಎಲಿನಾರ್ ರೂಸ್ವೆಲ್ಟ್ ಬಂದು ಉದ್ಘಾಟಿಸಿದರು.

ಒಂದು ಬಾಗಿಲು ತೆರೆದರೆ ಏನಾಗುತ್ತೆ ನೋಡಿ. ಇಲ್ಲಿನ ಕಾವ್ಯ ತರಗತಿಯಲ್ಲಿ ಕೂತ ಗ್ವೆಂಡೊಲಿನ್ ಬ್ರೂಕ್ಸ್ 1950ರಲ್ಲಿ ಪುಲಿಟ್ಜರ್ ಪಡೆದ ಮೊದಲ ಕಪ್ಪು ಲೇಖಕಿಯಾದರು. ನೆಲಮಾಳಿಗೆಯ ಕತ್ತಲಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದ ಗಾರ್ಡನ್ ಪಾರ್ಕ್ಸ್ 1942ರಲ್ಲಿ ವಾಷಿಂಗ್ಟನ್ನಿಗೆ ಹೋದರು. ಸರ್ಕಾರಿ ಕಚೇರಿ ಗುಡಿಸುವ ಕಪ್ಪು ಹೆಂಗಸನ್ನು ರಾಷ್ಟ್ರಧ್ವಜದ ಮುಂದೆ ಪೊರಕೆ ಸಮೇತ ನಿಲ್ಲಿಸಿ ಚಿತ್ರ ತೆಗೆದರು. ಆ ಪೊರಕೆಯ ಭಾಷೆ ನಮಗೆ ಯಾರೂ ಅನುವಾದ ಮಾಡಿಕೊಡಬೇಕಿಲ್ಲ.

1943ರಲ್ಲಿ ಸರ್ಕಾರ ಯೋಜನೆಯನ್ನೇ ಮುಚ್ಚಿತು. ಇಂಥ ಕೇಂದ್ರಗಳಲ್ಲಿ ಹೆಚ್ಚಿನವು ಕಣ್ಮುಚ್ಚಿದವು. ಇದು ಉಳಿಯಿತು, ಯಾಕೆಂದರೆ ಮನೆ ಜನರದ್ದಾಗಿತ್ತು.

ಆದರೆ ಇಷ್ಟಕ್ಕೇ ಚಪ್ಪಾಳೆ ತಟ್ಟಿ ಏಳುವ ಹಾಗಿಲ್ಲ. 1950ರ ದಶಕದಲ್ಲಿ ಕಮ್ಯುನಿಸ್ಟ್ ಬೇಟೆಯ ಭೀತಿ ಹಬ್ಬಿದಾಗ, ಬೀದಿಯಲ್ಲಿ ನಿಂತು ಕಾಸು ಕೂಡಿಸಿದ ಬರೋಸ್ ಅಂಥವರನ್ನೇ ಕೇಂದ್ರ ದೂರವಿಟ್ಟಿತು. ದೂರವಿಟ್ಟವರು ಬಿಳಿಯರಲ್ಲ, ತಮ್ಮವರೇ. ಅವರು ಎದೆಗುಂದಲಿಲ್ಲ, 1961ರಲ್ಲಿ ತಮ್ಮ ಮನೆಯಲ್ಲೇ ಕಪ್ಪು ಜನರ ಚರಿತ್ರೆಯ ಮ್ಯೂಸಿಯಂ ಕಟ್ಟಿದರು.

1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಅಮೆರಿಕದ ಕಪ್ಪು ಹೋರಾಟಗಾರರಿಂದ ಹೆಸರು ಪಡೆದರು. ಹೆಸರಿನ ಜೊತೆ ಈ ಪಾಠವನ್ನೂ ಪಡೆಯೋಣ. ಸರ್ಕಾರದ ಅನುದಾನ ನಮ್ಮದೇ ಬೆವರು, ಬೇಡ ಅನ್ನಬೇಕಿಲ್ಲ. ಆದರೆ ಅನುದಾನ ನಿಂತ ದಿನ ನಮ್ಮ ತಮಟೆಗೆ, ನಾಟಕಕ್ಕೆ ಸೂರು ಉಳಿಯಬೇಕು. ಬೀಗದ ಕೈ ನಮ್ಮ ಕೇರಿಗೆ ಬರಬೇಕು. ಬಂದ ಮೇಲೆ ಕೇರಿಯೊಳಗಿನ ದೊಡ್ಡವರ ಸೊಂಟ ಸೇರದ ಹಾಗೂ ಕಾಯಬೇಕು.

ಚಿಕಾಗೋದ ಆ ಕೇಂದ್ರದ ಮರದ ಗೋಡೆಗಳ ತುಂಬ ಮೊಳೆ ಹೊಡೆದ ತೂತುಗಳಿವೆ. ಒಂದೊಂದು ತೂತೂ ಅಲ್ಲಿ ತೂಗಿದ ಒಂದು ಚಿತ್ರದ ಸಾಕ್ಷಿ. ನಮ್ಮ ಗೋಡೆ ಎಲ್ಲಿದೆ?